ಚಾರ್ಮಾಡಿ ಹತ್ತುವ ಪಿಕಪ್ಪು ಮತ್ತು ಎರಡು ಲೀಟರ್ ಡೀಸೆಲ್

ಚಾರ್ಮಾಡಿ ಘಾಟಿ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಜುಲೈ ತಿಂಗಳ ರೀಲ್ಸ್. ಮಂಜು, ರಸ್ತೆ ಪಕ್ಕದಲ್ಲೇ ಧುಮುಕುವ ನೀರು, ಕಾರಿನ ಬಾನೆಟ್ ಮೇಲೆ ಕೂತ ಗೆಳೆಯರು. ಅದೇ ರಸ್ತೆಗೆ ಇನ್ನೊಂದು ಮುಖ ಇದೆ. ಅದನ್ನು ನೋಡಬೇಕಾದರೆ ಬೆಳಗಿನ ಜಾವ ಐದು ಗಂಟೆಗೆ ಕೊಟ್ಟಿಗೆಹಾರದಲ್ಲಿ ನಿಲ್ಲಬೇಕು. ಟಾರ್ಪಾಲು ಬಿಗಿದ ಪಿಕಪ್ಪುಗಳು ಒಂದರ ಹಿಂದೆ ಒಂದು ಬರುತ್ತವೆ. ಕೋಸು, ಬೀನ್ಸ್, ಟೊಮ್ಯಾಟೊ, ಆಲೂಗಡ್ಡೆ. ಘಟ್ಟದ ಮೇಲಿನ ತರಕಾರಿ ಘಟ್ಟದ ಕೆಳಗಿನ ಅಂಗಡಿಗಳಿಗೆ ಬಾಗಿಲು ತೆಗೆಯುವ ಹೊತ್ತಿಗೆ ಮುಟ್ಟಬೇಕು.

2019ರ ಆಗಸ್ಟ್ ಮಳೆಗೆ ಈ ಘಾಟಿಯಲ್ಲಿ ಸಾಲುಸಾಲಾಗಿ ಗುಡ್ಡ ಕುಸಿದಿತ್ತು. ರಸ್ತೆ ಬಂದ್ ಆಗಿ, ಮತ್ತೆ ತೆರೆದಾಗ ದೊಡ್ಡ ಲಾರಿಗಳಿಗೆ ನಿರ್ಬಂಧ ಬಂತು. ಅಂಥ ರಸ್ತೆಯಲ್ಲಿ ಸಣ್ಣ ಪಿಕಪ್ಪಿಗೆ ಇರುವ ಬೆಲೆ ಬೇರೆ. ಒಂದೂಕಾಲು ಟನ್ ಹೊರುತ್ತೆ, ಕಿರಿದಾದ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುತ್ತೆ, ತೋಟದ ಒಳಗಿನ ಮಣ್ಣು ರಸ್ತೆಗೂ ಇಳಿಯುತ್ತೆ. ಲಾಭ ಮಾತ್ರ ತೀರಾ ತೆಳು. ಒಂದು ಟ್ರಿಪ್ಪಿನಲ್ಲಿ ಎರಡು ಲೀಟರ್ ಡೀಸೆಲ್ ಹೆಚ್ಚು ಕಡಿಮೆ ಆದರೆ ಮನೆಯಲ್ಲಿ ಮಾತು ಶುರುವಾಗುತ್ತೆ.

ನಮ್ಮ ದೊಡ್ಡಪ್ಪನ ಮಗನ ಮನೆಯಲ್ಲಿ ಶುರುವಾದ ಮಾತೂ ಅದೇ. ಮೂಡಿಗೆರೆ ಹತ್ತಿರ ಅವನಿಗೆ ನಾಲ್ಕು ಎಕರೆ ಕಾಫಿ, ಜೊತೆಗೆ ಒಂದು ಪಿಕಪ್ಪು. ಗಾಡಿ ಓಡಿಸೋದು ಬಣಕಲ್ ಕಡೆಯ ಇಪ್ಪತ್ತಾರು ವರ್ಷದ ಹುಡುಗ. ರಾತ್ರಿ ಎರಡೂವರೆಗೆ ಎದ್ದು ಚಿಕ್ಕಮಗಳೂರಿಗೆ ಹೋಗಿ ತರಕಾರಿ ತುಂಬಿಸಿ, ಮೂಡಿಗೆರೆ ಮೇಲೆ ಘಾಟಿ ಇಳಿದು ಉಜಿರೆ, ಬೆಳ್ತಂಗಡಿಯ ಅಂಗಡಿಗಳಿಗೆ ಇಳಿಸಿ ವಾಪಸ್ ಬರುತ್ತಾನೆ. ತಿಂಗಳಿಗೆ ಇಪ್ಪತ್ತೈದು ಟ್ರಿಪ್.

ಅಣ್ಣ ಲೆಕ್ಕದ ಮನುಷ್ಯ. ಪ್ರತಿ ಟ್ರಿಪ್ಪಿಗೂ ಮೀಟರ್ ರೀಡಿಂಗು, ಹಾಕಿಸಿದ ಡೀಸೆಲ್ಲು, ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಸುತ್ತಾನೆ. ಆಗಸ್ಟ್‌ವರೆಗೆ ಲೀಟರಿಗೆ 13 ಕಿ.ಮೀ. ಬರುತ್ತಿದ್ದದ್ದು ಸೆಪ್ಟೆಂಬರ್‌ನಿಂದ 11.4ಕ್ಕೆ ಇಳಿದಿತ್ತು. ಅವನ ಲೆಕ್ಕದಲ್ಲಿ ಟ್ರಿಪ್ಪಿಗೆ ಎರಡು ಲೀಟರ್ ಮಾಯ. ಡೀಸೆಲ್ ಲೀಟರಿಗೆ 90 ರೂಪಾಯಿ ಆಸುಪಾಸು ಹಿಡಿದರೆ ತಿಂಗಳಿಗೆ 4,500 ರೂಪಾಯಿ.

"ಪೈಪ್ ಹಾಕಿ ಎಳೀತಾನೆ ಅನ್ಸುತ್ತೆ ಮಾರಾಯ. ಮೂರು ವರ್ಷ ನಂಬಿದ್ದೆ" ಅಂದ ಫೋನಿನಲ್ಲಿ. ದೀಪಾವಳಿಗೆ ಕೊಡಬೇಕಿದ್ದ ಬೋನಸ್ ತಡೆದಿದ್ದ. ಕಾರಣ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಹುಡುಗನಿಗೆ ಗೊತ್ತಾಗಿತ್ತು. ಊರಿನಲ್ಲಿ ಇಂಥದ್ದು ಗೊತ್ತಾಗದೆ ಇರುತ್ತಾ? ಇನ್ನೊಂದು ಕಡೆ ಕೆಲಸ ಕೇಳಿದರೂ ಈ ಮಾತು ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿರುತ್ತೆ.

ಮಾತಿನ ಕೊನೆಗೆ ಅಣ್ಣ ಇನ್ನೊಂದು ವಿಷಯ ಸೇರಿಸಿದ. ಆಗಸ್ಟ್ ಕೊನೆಯಲ್ಲಿ ಗಾಡಿಗೆ ಒಂದು ಸೈಜ್ ದೊಡ್ಡ ಟೈರ್ ಹಾಕಿಸಿದ್ದನಂತೆ. "ಅದಕ್ಕೆ ಅರ್ಧ ಕಿಲೋಮೀಟರ್ ಕಮ್ಮಿ ಆಗಬಹುದು ಅಂತ ಟೈರ್ ಅಂಗಡಿಯವನೇ ಅಂದಿದ್ದ. ಒಂದೂವರೆ ಹೆಂಗೆ ಕಮ್ಮಿ ಆಗುತ್ತೆ? ನೀನು ಇಂಜಿನಿಯರಿಂಗ್ ಓದಿದೋನು, ಒಂದ್ಸಲ ಬಂದು ನೋಡು."

ನವೆಂಬರ್‌ನ ಒಂದು ಶುಕ್ರವಾರ ರಾತ್ರಿ ಬಸ್ ಹತ್ತಿ ಮೂಡಿಗೆರೆಗೆ ಹೋದೆ.

ಮೂರು ಸೆಂಟಿಮೀಟರ್ ಕಥೆ

ಮೊದಲು ಟೈರ್ ವಿಷಯ. ಗಾಡಿಗೆ ಕಂಪನಿಯಿಂದ ಬಂದಿದ್ದ ಟೈರಿನ ಅಳತೆ 215/75 ಆರ್15. ಈಗ ಹಾಕಿಸಿದ್ದು 235/75 ಆರ್15. ಟೈರಿನ ಬದಿಯಲ್ಲಿ ಬರೆದಿರುವ ಈ ಅಂಕಿಗಳಲ್ಲಿ ಮೊದಲನೆಯದು ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಟೈರಿನ ಗೋಡೆಯ ಎತ್ತರ ಅಂತ. ಕೊನೆಯದು ಒಳಗಿನ ರಿಮ್ಮಿನ ವ್ಯಾಸ, ಇಂಚಿನಲ್ಲಿ.

ಫೋನಿನ ಕ್ಯಾಲ್ಕುಲೇಟರ್ ಸಾಕು. ಹಳೆಯದರ ಒಟ್ಟು ವ್ಯಾಸ 703.5 ಮಿ.ಮೀ., ಹೊಸದು 733.5 ಮಿ.ಮೀ. ಮೂರು ಸೆಂಟಿಮೀಟರ್ ದೊಡ್ಡದು. ಶೇಕಡಾವಾರು ಹೇಳಿದರೆ ಸುಮಾರು 4.3.

ಅಣ್ಣ ಇದನ್ನು ಶೋಕಿಗೆ ಹಾಕಿಸಿದ್ದಲ್ಲ. ಜುಲೈ ಮಳೆಯಲ್ಲಿ ಅವನ ತೋಟದ ರಸ್ತೆಯಲ್ಲಿ ಮಧ್ಯದ ದಿಬ್ಬಕ್ಕೆ ಹಿಂದಿನ ಡಿಫರೆನ್ಷಿಯಲ್ ತಗುಲಿ ಗಾಡಿ ಹೂತು ಕೂತಿತ್ತು. ಪಕ್ಕದ ತೋಟದ ಟ್ರ್ಯಾಕ್ಟರ್ ತರಿಸಿ ಎಳೆಸಬೇಕಾಯ್ತು. ಮೂರು ಇಂಚು ಎತ್ತರ ಸಿಗುತ್ತೆ ಅನ್ನೋ ಲೆಕ್ಕದಲ್ಲಿ ಟೈರ್ ಬದಲಾಯಿಸಿದ. ಸಿಕ್ಕಿದ್ದು ಒಂದೂವರೆ ಸೆಂಟಿಮೀಟರ್. ವ್ಯಾಸ ಮೂರು ಸೆಂಟಿಮೀಟರ್ ಹೆಚ್ಚಾದರೂ ಅಚ್ಚು ಇರೋದು ಚಕ್ರದ ನಡುವೆ ತಾನೇ? ಅದು ಮೇಲೇರೋದು ಅದರ ಅರ್ಧದಷ್ಟು ಮಾತ್ರ.

ಹಳೆಯ ಟೈರೊಂದನ್ನು ಸ್ಟೆಪ್ನಿಯಾಗಿ ಉಳಿಸಿಕೊಂಡಿದ್ದರು. ಅದನ್ನೂ ಹೊಸ ಚಕ್ರವೊಂದನ್ನೂ ಅಣ್ಣನ ಕಾಫಿ ತೂಕದ ಯಂತ್ರಕ್ಕೆ ಇಟ್ಟೆವು. ರಿಮ್ ಸೇರಿ ಹಳೆಯದು 24 ಕಿಲೋ, ಹೊಸದು 27 ಕಿಲೋ. ನಾಲ್ಕು ಚಕ್ರಕ್ಕೆ 12 ಕಿಲೋ ಹೆಚ್ಚು. ತಿರುಗುವ ಭಾರಕ್ಕೆ ವೇಗ ಕೊಡೋದು ಸುಮ್ಮನೆ ಹೊತ್ತ ಭಾರಕ್ಕೆ ವೇಗ ಕೊಡೋದಕ್ಕಿಂತ ಕಷ್ಟ ನಿಜ. ಆದರೆ ಒಂದು ಟನ್ ತರಕಾರಿ ಹೊರುವ ಗಾಡಿಗೆ ಇದು ದೊಡ್ಡ ವಿಷಯ ಅಲ್ಲ. "ಒಂದು ಚೀಲ ಕೋಸೂ ಇಲ್ವಲ್ಲ ಅಣ್ಣ" ಅಂದ ಹುಡುಗ. ಅವತ್ತು ಅವನು ಆಡಿದ ಮೊದಲ ಮಾತು ಅದು.

ರಸ್ತೆ ಕುಗ್ಗಿದ್ದು ಹೇಗೆ?

ಶನಿವಾರ ರಾತ್ರಿ ಎಂಟಕ್ಕೆ ಮೂಡಿಗೆರೆಯ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿದೆವು. ಪಂಪಿನ ನಾಝಲ್ ತಾನಾಗೇ ಕಟ್ ಆಗುವ ಮೊದಲ ಕ್ಲಿಕ್ಕಿಗೇ ನಿಲ್ಲಿಸಬೇಕು, ಮರುದಿನ ಅದೇ ಪಂಪು, ಗಾಡಿ ಅದೇ ಜಾಗದಲ್ಲಿ ಅದೇ ದಿಕ್ಕಿಗೆ ನಿಲ್ಲಬೇಕು. ನೆಲ ಓರೆಯಾಗಿದ್ದರೆ ಟ್ಯಾಂಕಿನಲ್ಲಿ ಒಂದು ಲೀಟರ್ ವ್ಯತ್ಯಾಸ ಸುಲಭವಾಗಿ ಬರುತ್ತೆ. ನಾನು ಹೇಳೋಕೆ ಮುಂಚೆ ಹುಡುಗನೇ ಕೆಳಗಿಳಿದು ಮುಂದಿನ ಚಕ್ರದ ಪಕ್ಕ ನೆಲಕ್ಕೆ ಸೀಮೆಸುಣ್ಣದಲ್ಲಿ ಗೀಟು ಎಳೆದ. ಟೈರ್ ತಣ್ಣಗಿದ್ದಾಗಲೇ ನಾಲ್ಕಕ್ಕೂ ಗಾಳಿ ಚೆಕ್ ಮಾಡಿಸಿದ. ಬಾಗಿಲಿನ ಸ್ಟಿಕ್ಕರಿನಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು.

ರಾತ್ರಿ ಎರಡೂವರೆಗೆ ಹೊರಟೆವು. ನನ್ನ ಫೋನಿನಲ್ಲಿ ಜಿಪಿಎಸ್ ದೂರ ಅಳೆಯುತ್ತಿತ್ತು, ಡ್ಯಾಶ್‌ಬೋರ್ಡಿನಲ್ಲಿ ಗಾಡಿಯ ಮೀಟರ್.

ಚಿಕ್ಕಮಗಳೂರು ತಲುಪುವಷ್ಟರಲ್ಲೇ ಎರಡರ ನಡುವೆ ಒಂದು ಕಿಲೋಮೀಟರಿಗಿಂತ ಹೆಚ್ಚು ಅಂತರ ಬಂದಿತ್ತು. ಕಾರಣ ಸರಳ. ಗಾಡಿಯ ಮೀಟರಿಗೆ ರಸ್ತೆ ಕಾಣಿಸೋದಿಲ್ಲ. ಚಕ್ರ ಎಷ್ಟು ಸುತ್ತು ಸುತ್ತಿತು ಅನ್ನೋದಷ್ಟೇ ಅದಕ್ಕೆ ಗೊತ್ತು. ಒಂದು ಸುತ್ತಿಗೆ ಇಷ್ಟು ದೂರ ಅಂತ ಕಂಪನಿಯವರು ಹಳೆಯ ಟೈರಿನ ಅಳತೆಯಲ್ಲಿ ಮೊದಲೇ ಹೇಳಿಟ್ಟಿರುತ್ತಾರೆ. ಹಳೆಯ ಟೈರ್ ಒಂದು ಸುತ್ತಿಗೆ 2.21 ಮೀಟರ್ ಹೋಗುತ್ತಿತ್ತು, ಹೊಸದು 2.30 ಮೀಟರ್ ಹೋಗುತ್ತೆ. ಹಳೆಯದು ಕಿಲೋಮೀಟರಿಗೆ ಸುಮಾರು 452 ಸುತ್ತು ಹಾಕಿದರೆ ಹೊಸದಕ್ಕೆ 434 ಸಾಕು. ಗಾಡಿ 104 ಕಿಲೋಮೀಟರ್ ಓಡಿದರೂ ಮೀಟರ್ 100 ಅಂತಲೇ ತೋರಿಸುತ್ತೆ. ಸ್ಪೀಡೂ ಹಾಗೇ: ಮುಳ್ಳು 60ರಲ್ಲಿದ್ದಾಗ ಗಾಡಿ ಅದಕ್ಕಿಂತ ಎರಡೂವರೆ ಜಾಸ್ತಿ ಓಡುತ್ತಿರುತ್ತೆ.

ಚಿಕ್ಕಮಗಳೂರಿನಲ್ಲಿ ಲೋಡ್ ಆಗುವಾಗ ಅಣ್ಣನ ನೋಟ್‌ಬುಕ್ ತಿರುವಿ ಹಾಕಿದೆ. ಉತ್ತರ ಅದರಲ್ಲೇ ಇತ್ತು. ಆಗಸ್ಟ್‌ವರೆಗೆ ಪ್ರತಿ ಟ್ರಿಪ್ಪಿಗೆ 184 ಕಿ.ಮೀ., 14 ಲೀಟರಿಗೆ ಸ್ವಲ್ಪ ಮೇಲೆ ಡೀಸೆಲ್. ಸೆಪ್ಟೆಂಬರ್‌ನಿಂದ ಪ್ರತಿ ಟ್ರಿಪ್ಪಿಗೆ 180 ಕಿ.ಮೀ. ಅದೇ ಊರು, ಅದೇ ಅಂಗಡಿಗಳು. ರಸ್ತೆ ಹೇಗೆ ನಾಲ್ಕು ಕಿಲೋಮೀಟರ್ ಕುಗ್ಗಿತು?

"ಈಗ ಹಂಚಿನ ಶೆಡ್ಡಿಗೆ ಬೇರೆ ಹೋಗ್ತೀವಲ್ಲಣ್ಣ, ಹೋಗಿಬರೋಕೆ ನಾಲ್ಕು ಕಿಲೋಮೀಟರ್ ಜಾಸ್ತೀನೇ ಆಗಬೇಕಿತ್ತು" ಅಂದ ಹುಡುಗ.

ಹಂಚಾ? ಅದು ಅಣ್ಣ ಫೋನಿನಲ್ಲಿ ಹೇಳಿರಲಿಲ್ಲ.

ಇಳಿಯುವ ದಾರಿ

ಬಣಕಲ್ ದಾಟಿ ಕೊಟ್ಟಿಗೆಹಾರಕ್ಕೆ ಬಂದಾಗ ಐದೂಕಾಲು. ಚೆಕ್‌ಪೋಸ್ಟಿನ ಹಳದಿ ದೀಪ, ಮಂಜು, ಟೀ ಅಂಗಡಿಯ ಹಬೆ ಎಲ್ಲ ಒಂದೇ ಬಣ್ಣ. ಈ ಊರು ಒಂಥರಾ ನೀರಿನ ಗಡಿ. ಹೇಮಾವತಿ ಹುಟ್ಟುವ ಜಾವಳಿ ಇಲ್ಲಿಂದ ಹೆಚ್ಚು ದೂರ ಇಲ್ಲ. ಆ ಕಡೆ ಬಿದ್ದ ಮಳೆ ಹೇಮಾವತಿಯಾಗಿ, ಕಾವೇರಿಯಾಗಿ ಬಂಗಾಳ ಕೊಲ್ಲಿ ಸೇರುತ್ತೆ. ಘಾಟಿಯ ಕಡೆ ಬಿದ್ದದ್ದು ನೇತ್ರಾವತಿ ಸೇರಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರಕ್ಕೆ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರೋದೂ ಇಲ್ಲೇ. ಹಗಲು ಹೊತ್ತಿನಲ್ಲಿ ಬಂದರೆ ನೀರ್‌ದೋಸೆಗೆ ಸಾಲು ಇರುತ್ತೆ.

ಇಲ್ಲಿಂದ ಚಾರ್ಮಾಡಿ ಊರಿನವರೆಗೆ ಇಪ್ಪತ್ತನಾಲ್ಕು, ಇಪ್ಪತ್ತೈದು ಕಿಲೋಮೀಟರ್ ಇಳಿಜಾರು. ಒಂದು ಬದಿಗೆ ಸೀಳಿದ ಗುಡ್ಡ, ಇನ್ನೊಂದು ಬದಿಗೆ ಮಂಜು ತುಂಬಿದ ಕಣಿವೆ. ಶೋಲಾ ಕಾಡು ಮಡಿಕೆ ಮಡಿಕೆಯಾಗಿ ಕೆಳಗಿಳಿಯುತ್ತೆ. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಗಾಡಿ ನಿಧಾನ ಮಾಡಿ ಹುಡುಗ ಕೈ ಮುಗಿದ. ಮುಂದಿದ್ದ ಪಿಕಪ್ಪಿನವನೂ ಮುಗಿದ.

ಇಳಿಜಾರಿನಲ್ಲಿ ಅವನ ಕಾಲು ಬ್ರೇಕಿನ ಮೇಲೆ ಇದ್ದದ್ದೇ ಕಡಿಮೆ. ಎರಡನೇ ಗೇರು, ಅಲ್ಲಲ್ಲಿ ಮೂರು. ನ್ಯೂಟ್ರಲ್ ಹಾಕಿ ಬಿಟ್ಟರೆ ಡೀಸೆಲ್ ಉಳಿಯುತ್ತೆ ಅಂತ ಇನ್ನೂ ನಂಬುವವರಿದ್ದಾರೆ. ಈಗಿನ ಕಾಮನ್ ರೈಲ್ ಡೀಸೆಲ್ ಇಂಜಿನ್ನಿನಲ್ಲಿ ಅದು ಉಲ್ಟಾ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನು ಡೀಸೆಲ್ ಸಿಂಪಡಿಸೋದನ್ನೇ ನಿಲ್ಲಿಸುತ್ತೆ, ಚಕ್ರಗಳೇ ಅದನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗಿಗೆ ಡೀಸೆಲ್ ಕುಡಿಯುತ್ತಲೇ ಇರುತ್ತೆ, ಮೇಲಿಂದ ಬ್ರೇಕ್ ಕಾದು ಕೈಕೊಡುವ ಭಯ. ಒಂದು ಟನ್ ಹೊತ್ತು ಇಳಿಯುವಾಗ ಇದರಷ್ಟು ದೊಡ್ಡ ಹುಚ್ಚುತನ ಇನ್ನೊಂದಿಲ್ಲ.

"ಟೈರ್ ಚೇಂಜ್ ಆದ್ಮೇಲೆ ಗಾಡಿ ಹಿಡಿಯೋದು ಸ್ವಲ್ಪ ಕಮ್ಮಿ ಆಗಿದೆ" ಅಂದ ಅವನು. "ಅದೇ ಗೇರಲ್ಲಿ ಸ್ವಲ್ಪ ಜಾಸ್ತಿ ಜಾರುತ್ತೆ." ಅವನ ಕಾಲಿಗೆ ಗೊತ್ತಾದದ್ದು ಸರಿ. ದೊಡ್ಡ ಚಕ್ರ ಹಾಕಿದರೆ ಪ್ರತಿ ಗೇರೂ ಶೇಕಡಾ ನಾಲ್ಕರಷ್ಟು ಉದ್ದ ಆದ ಹಾಗೆ. ಇಳಿಯುವಾಗ ಇಂಜಿನ್ನಿನ ಹಿಡಿತ ಅಷ್ಟು ಕಡಿಮೆ, ಹತ್ತುವಾಗ ರಸ್ತೆಗೆ ಸಿಗುವ ಎಳೆತ ಅಷ್ಟು ಕಡಿಮೆ.

ಏಳೂವರೆಗೆ ಬೆಳ್ತಂಗಡಿ. ಮೇಲೆ ಹಾಕಿಕೊಂಡಿದ್ದ ಜಾಕೆಟ್ ಇಲ್ಲಿ ಸೆಕೆಗೆ ಬಿಚ್ಚಬೇಕು. ಅಂಗಡಿಯವರು "ಎಂತ, ಇವತ್ತು ಲೇಟಾ?" ಅನ್ನುತ್ತಾ ಕ್ರೇಟುಗಳನ್ನು ಇಳಿಸಿಕೊಂಡರು.

ಮುನ್ನೂರು ಹಂಚು

ಖಾಲಿ ಗಾಡಿ ವಾಪಸ್ ಹೊರಡುತ್ತೆ ಅಂದುಕೊಂಡಿದ್ದೆ. ಹುಡುಗ ಪೇಟೆಯಿಂದ ಒಳಗಿನ ರಸ್ತೆಯೊಂದಕ್ಕೆ ತಿರುಗಿಸಿದ. ಅಲ್ಲಿ ಒಂದು ಹಳೆಯ ಮನೆ ಕೆಡವುತ್ತಿದ್ದರು. ಅಂಗಳದಲ್ಲಿ ಮಂಗಳೂರು ಹಂಚು ಜೋಡಿಸಿಟ್ಟಿದ್ದರು, ಕಪ್ಪುಗಟ್ಟಿದ್ದು, ಪಾಚಿ ಹಿಡಿದದ್ದು.

ಘಟ್ಟದ ಕೆಳಗೆ ತಾರಸಿ ಮನೆಗಳು ಏಳುತ್ತಿವೆ, ಹಳೆಯ ಹಂಚು ಬೇಡವಾಗಿದೆ. ಘಟ್ಟದ ಮೇಲೆ ಹೋಂಸ್ಟೇಗಳು ಏಳುತ್ತಿವೆ, ಅವರಿಗೆ ಅದೇ ಪಾಚಿ ಹಿಡಿದ ಹಂಚೇ ಬೇಕು. ಹೊಸ ಹಂಚಿಗೆ ಆ ಬಣ್ಣ ಬರೋದಿಲ್ಲವಂತೆ. ವೀಕೆಂಡಿಗೆ ಬೆಂಗಳೂರಿನಿಂದ ಹೋಗುವ ನಮ್ಮಂಥವರು ಫೋಟೊ ತೆಗೆದುಕೊಳ್ಳುವ 'ಹಳೇ ಮಲೆನಾಡಿನ ಮನೆ'ಯ ಮಾಡು ಎಷ್ಟೋ ಸಲ ಹೀಗೆ ಕರಾವಳಿಯಿಂದ ಪಿಕಪ್ಪಿನಲ್ಲಿ ಹತ್ತಿ ಬಂದದ್ದು. ಮೂಡಿಗೆರೆ ಹತ್ತಿರದ ಒಬ್ಬ ವ್ಯಾಪಾರಿ ಶೆಡ್ಡಿನಲ್ಲಿ ಕೂಡಿಟ್ಟು ಮಾರುತ್ತಾನೆ. ಟೈರ್ ಬದಲಾಯಿಸಿದ ವಾರದಲ್ಲೇ ಅಣ್ಣನಿಗೆ ಈ ಬಾಡಿಗೆ ಸಿಕ್ಕಿತ್ತು. ವಾಪಸ್ ಖಾಲಿ ಬರುವ ಬದಲು ನಾಲ್ಕು ಕಾಸು ಸಿಗುತ್ತಲ್ಲ ಅಂತ ಒಪ್ಪಿಕೊಂಡಿದ್ದ. ಟ್ರಿಪ್ಪಿಗೆ 300 ಹಂಚು. ಒಂದೊಂದು ಎರಡೂವರೆ ಕಿಲೋ ಅಂದರೂ 750 ಕಿಲೋ.

ಬೆಳ್ತಂಗಡಿಯಿಂದ ಕೊಟ್ಟಿಗೆಹಾರಕ್ಕೆ ಎತ್ತರದ ವ್ಯತ್ಯಾಸ ಸುಮಾರು 800 ಮೀಟರ್. 750 ಕಿಲೋ ಭಾರವನ್ನು 800 ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 59 ಲಕ್ಷ ಜೂಲ್. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 3.6 ಕೋಟಿ ಜೂಲ್ ಇರುತ್ತೆ, ಆದರೆ ಚಕ್ರದವರೆಗೆ ತಲುಪೋದು ಹೆಚ್ಚು ಕಡಿಮೆ ಮೂರನೇ ಒಂದು ಭಾಗ. ಉಳಿದದ್ದು ಸೈಲೆನ್ಸರಿನಲ್ಲಿ, ರೇಡಿಯೇಟರಿನಲ್ಲಿ ಶಾಖವಾಗಿ ಹೋಗುತ್ತೆ. ಹಾಗಾಗಿ ಬರೀ ಹಂಚನ್ನು ಮೇಲೆತ್ತಲು ಅರ್ಧ ಲೀಟರ್. ಅರವತ್ತು ಕಿಲೋಮೀಟರ್ ಎಳೆದುಕೊಂಡು ಹೋಗುವ ಖರ್ಚು ಅದರ ಮೇಲೆ. ಮಳೆನೀರು ಬಿಟ್ಟಿಯಾಗಿ ಇಳಿದುಹೋಗುವ ಎತ್ತರವನ್ನು ನಾವು ವಾಪಸ್ ಹತ್ತುವಾಗ ಲೀಟರ್ ಲೆಕ್ಕದಲ್ಲಿ ಕೊಂಡುಕೊಳ್ಳಬೇಕು. ಟೈರ್ ಚಿಕ್ಕದಿರಲಿ ದೊಡ್ಡದಿರಲಿ, ಈ ಅರ್ಧ ಲೀಟರಿನಲ್ಲಿ ವ್ಯತ್ಯಾಸ ಇಲ್ಲ.

ಹತ್ತುವಾಗ ಗಾಡಿಯ ಸ್ವರವೇ ಬೇರೆ. ಒಂದು ತಿರುವಿನಲ್ಲಿ ಮೂರನೇ ಗೇರಿನಲ್ಲಿದ್ದ ಇಂಜಿನ್ನು ಉಸಿರು ಕಟ್ಟಿದ ಹಾಗೆ ಆಯ್ತು, ಹುಡುಗ ತಕ್ಷಣ ಎರಡಕ್ಕೆ ಇಳಿಸಿದ. "ಮೊದಲು ಈ ತಿರುವು ಮೂರರಲ್ಲೇ ಹತ್ತುತ್ತಿತ್ತು" ಅಂದ. ಮುಂದಿನ ಹೇರ್‌ಪಿನ್ನಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಿ ಕರ್ ಅಂತು. ಅಗಲ ಹೆಚ್ಚಿದ್ದಕ್ಕೆ ಅದು ಇನ್ನೊಂದು ಬಾಡಿಗೆ.

ಆಮೇಲೆ ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಘಾಟಿ ಮುಗಿಯುವ ಹೊತ್ತಿಗೆ, ರಸ್ತೆ ನೋಡುತ್ತಲೇ ಅಂದ: "ಗಾಡಿ ಕುಡೀತಿದೆ ಅಣ್ಣ, ನಾನಲ್ಲ. ಗೌಡ್ರಿಗೆ ಹೆಂಗೆ ಹೇಳೋದು? ಹೇಳಿದ್ರೆ ಕಳ್ಳನ ಮಾತು ಅಂತಾರೆ."

ಜಗಲಿಯ ಲೆಕ್ಕ

ಹಂಚು ಇಳಿಸಿ, ಸಂಜೆ ಅದೇ ಬಂಕು, ಅದೇ ಗೀಟು, ಅದೇ ಕ್ಲಿಕ್ಕು. 15.8 ಲೀಟರ್ ಹಿಡಿಯಿತು. ಗಾಡಿಯ ಮೀಟರ್ 180 ಕಿ.ಮೀ. ಅಂತು, ಜಿಪಿಎಸ್ 188 ಅಂತು.

ರಾತ್ರಿ ಜಗಲಿಯಲ್ಲಿ ಅಣ್ಣನ ಮುಂದೆ ನೋಟ್‌ಬುಕ್ ತೆರೆದೆ. ಮೀಟರಿನ ಲೆಕ್ಕದಲ್ಲಿ 11.4. ನಿಜವಾದ ದೂರದ ಲೆಕ್ಕದಲ್ಲಿ 11.9. ಅಂದರೆ ಅರ್ಧ ಕಿಲೋಮೀಟರ್ ಮೈಲೇಜ್ ಕಡಿಮೆಯಾಗಿಯೇ ಇಲ್ಲ, ಮೀಟರ್ ಲೆಕ್ಕ ತಪ್ಪಿದೆ.

"ಹಂಗಾದ್ರೆ ಬಾಡಿಗೇಲೂ ನಂಗೇ ಲಾಸು!" ಅಂದ ಅಣ್ಣ. ಅದು ನನಗೆ ಹೊಳೆದಿರಲಿಲ್ಲ. ಊರಿನವರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಹೋಗುವಾಗ ಮೀಟರ್ ನೋಡಿಯೇ ದುಡ್ಡು ತೆಗೆದುಕೊಳ್ಳುತ್ತಿದ್ದ. ನೂರು ಕಿಲೋಮೀಟರಿಗೆ ನಾಲ್ಕು ಕಿಲೋಮೀಟರ್ ಬಿಟ್ಟಿ ಓಡಿಸಿದ ಹಾಗಾಯ್ತು.

ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ಹಿಂದಿನ ಎರಡು ತಿಂಗಳ ಟ್ರಿಪ್ಪುಗಳನ್ನೆಲ್ಲ ಒಂದೊಂದಾಗಿ ಓದಿ ಹೇಳಿದೆ: 11.3, 11.5, 11.4, 11.4. ನಾನು ಇಡೀ ದಿನ ಪಕ್ಕದಲ್ಲಿ ಕೂತಿದ್ದ ದಿನವೂ 11.4. ಯಾರೂ ನೋಡದ ದಿನ ಡೀಸೆಲ್ ಕದಿಯುತ್ತಿದ್ದವನು ನಾನು ಕೂತ ದಿನ ಕದಿಯೋಕೆ ಆಗಲ್ಲ ತಾನೇ? ಆಗ ಅವತ್ತಿನ ಅಂಕಿ ಮೇಲೇರಬೇಕಿತ್ತು. ಏರಲಿಲ್ಲ.

ಅಣ್ಣ ಪುಸ್ತಕ ತೆಗೆದುಕೊಂಡು ಮತ್ತೊಮ್ಮೆ ತಾನೇ ಓದಿದ. "ಹಂಚಿಂದು ಎಷ್ಟು, ಟೈರಿಂದು ಎಷ್ಟು?" ಅಂತ ಕೇಳಿದ. ಅದಕ್ಕೆ ಹಂಚಿಲ್ಲದ ಒಂದು ಟ್ರಿಪ್ ಬೇಕು ಅಂದೆ.

ಬುಧವಾರ ಅಣ್ಣನೇ ಗಾಡಿಯಲ್ಲಿ ಕೂತು ಹೋದ. ವಾಪಸ್ ಖಾಲಿ ಬಂದರು. ನಾನು ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿದ್ದಾಗ ವಾಟ್ಸ್ಆ್ಯಪ್‌ಗೆ ಬಿಲ್ಲಿನ ಫೋಟೊ ಬಂತು. ಫೋನಿನ ಜಿಪಿಎಸ್‌ನಲ್ಲಿ 184 ಕಿ.ಮೀ., ಡೀಸೆಲ್ 14.6 ಲೀಟರ್. ಲೀಟರಿಗೆ 12.6.

ಈಗ 13ರಿಂದ 11.4ಕ್ಕೆ ಬಿದ್ದ 1.6 ಕಿಲೋಮೀಟರ್ ಮೂರು ಪಾಲಾಯ್ತು. ಸುಮಾರು 0.5 ಮೀಟರಿನ ತಪ್ಪು ಲೆಕ್ಕ. ಸುಮಾರು 0.7 ಹಂಚಿನ ಭಾರ. ಉಳಿದ 0.4 ನಿಜವಾಗಿ ಟೈರ್ ತಿಂದದ್ದು: ಉದ್ದವಾದ ಗೇರು, ಒರಟು ಹಲ್ಲಿನ ಅಗಲ ರಬ್ಬರು ರಸ್ತೆಗೆ ಅಂಟಿ ಎಳೆಯುವ ಎಳೆತ, ಹೆಚ್ಚಿದ ಭಾರ ಎಲ್ಲ ಸೇರಿ. ನಾಲ್ಕನೇ ಪಾಲಿಗೆ, ಅಂದರೆ ಕಳ್ಳತನಕ್ಕೆ, ಏನೂ ಉಳಿಯಲಿಲ್ಲ.

ಟೈರಿನ ಪಾಲು ಟ್ರಿಪ್ಪಿಗೆ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ, ತಿಂಗಳಿಗೆ ಸುಮಾರು ಸಾವಿರ ರೂಪಾಯಿ. ಹಂಚಿನ ಪಾಲು ಟ್ರಿಪ್ಪಿಗೆ ಸುಮಾರು 80 ರೂಪಾಯಿ. ಅದು ಹಂಚಿನ ಬಾಡಿಗೆಯಿಂದಲೇ ಬರುತ್ತಿತ್ತು. ಪುಸ್ತಕದಲ್ಲಿ ಖರ್ಚು ಮಾತ್ರ ಈ ಕಡೆ ಬರೆದು, ಬಾಡಿಗೆಯನ್ನು ಬೇರೆ ಪುಸ್ತಕದಲ್ಲಿ ಬರೆಯುತ್ತಿದ್ದರು.

ನಿಮ್ಮ ಗಾಡಿಗೂ ಇದೇ ಲೆಕ್ಕ

ಪಿಕಪ್ ಇಲ್ಲದವರಿಗೂ ಇದರಲ್ಲಿ ಕೆಲಸಕ್ಕೆ ಬರುವ ವಿಷಯ ಇದೆ. ಈಗ ಸಣ್ಣ ಎಸ್‌ಯುವಿ ಕೊಂಡವರಲ್ಲಿ ಅರ್ಧ ಜನ ಟೈರ್ ಒಂದು ಸೈಜ್ ದೊಡ್ಡದು ಹಾಕಿಸೋಣ ಅನ್ನುತ್ತಿರುತ್ತಾರೆ. ಹಾಕಿಸುವ ಮುಂಚೆ ಎರಡು ಟೈರಿನ ವ್ಯಾಸ ಲೆಕ್ಕ ಹಾಕಿ. ಅಗಲವನ್ನು ಗೋಡೆಯ ಶೇಕಡಾವಾರಿನಿಂದ ಗುಣಿಸಿ, ಎರಡರಿಂದ ಗುಣಿಸಿ, ಅದಕ್ಕೆ ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿದರೆ ಮಿಲಿಮೀಟರ್‌ನಲ್ಲಿ ವ್ಯಾಸ ಸಿಗುತ್ತೆ. ಆಮೇಲೆ ಮೈಲೇಜ್ ನೋಡುವಾಗ ಮೀಟರ್ ತೋರಿಸಿದ ದೂರವನ್ನು ಹೊಸ ವ್ಯಾಸ ಭಾಗಿಸು ಹಳೆಯ ವ್ಯಾಸ, ಆ ಸಂಖ್ಯೆಯಿಂದ ಗುಣಿಸಿ. ಗಾಡಿಯ ಪರದೆಯಲ್ಲಿ ಬರುವ ಮೈಲೇಜೂ ಅದೇ ಮೀಟರಿನಿಂದ ಬರುವುದರಿಂದ ಅದಕ್ಕೂ ಇದೇ ತಿದ್ದುಪಡಿ ಬೇಕು. ಆಯಿಲ್ ಬದಲಾಯಿಸುವ ಹತ್ತು ಸಾವಿರ ಕಿಲೋಮೀಟರ್ ಕೂಡ ಮೀಟರಿನಲ್ಲಿ ತಡವಾಗಿ ಬರುತ್ತೆ.

ಸ್ಟೆಪ್ನಿ ಹಳೆಯ ಸೈಜಿನದೇ ಇದ್ದರೆ, ಹಿಂದಿನ ಅಚ್ಚಿಗೆ ಹಾಕಿ ದೂರ ಓಡಿಸಬೇಡಿ. ಎರಡು ಚಕ್ರ ಬೇರೆ ಬೇರೆ ಸುತ್ತು ಸುತ್ತುವುದರಿಂದ ನೆಟ್ಟಗಿನ ರಸ್ತೆಯಲ್ಲೂ ಡಿಫರೆನ್ಷಿಯಲ್ ಒಳಗಿನ ಗೇರುಗಳು ಬಿಡುವಿಲ್ಲದೆ ತಿರುಗುತ್ತಿರಬೇಕಾಗುತ್ತೆ. ಇನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಭಿನ್ನವಾಗುವ ಹಾಗೆ ವಾಹನ ಬದಲಾಯಿಸುವುದನ್ನು ತಡೆಯುತ್ತೆ. ಹಾಗಾಗಿ ಅಳತೆ ಬದಲಾಯಿಸುವ ಮುಂಚೆ ಸರ್ವಿಸ್ ಸೆಂಟರಿನಲ್ಲೂ ಇನ್ಶೂರೆನ್ಸಿನವರಲ್ಲೂ ಕೇಳಿಕೊಳ್ಳೋದು ಒಳ್ಳೆಯದು.

ಕೆಸರಿನಲ್ಲಿ ಗಾಡಿಯನ್ನು ಎಳೆಯೋದು ಮುಖ್ಯವಾಗಿ ಟೈರಿನ ಹಲ್ಲು. ಡ್ರೈವರುಗಳು ಬಟನ್ ಟೈರ್ ಅನ್ನುವ ಒರಟು ಹಲ್ಲಿನ ಟೈರು ಕಂಪನಿ ಹೇಳಿದ ಅಳತೆಯಲ್ಲೇ ಸಿಕ್ಕರೆ, ಮಳೆಗಾಲದ ಕೆಲಸ ಬಹಳಷ್ಟು ಆಗುತ್ತೆ, ಗೇರು ಮತ್ತು ಮೀಟರು ಕೆಡೋದಿಲ್ಲ. ಆ ಹಲ್ಲಿಗೂ ಸ್ವಲ್ಪ ಡೀಸೆಲ್ ಹೋಗುತ್ತೆ, ಅದು ಬೇರೆ ಮಾತು. ಅಣ್ಣನ ತೀರ್ಮಾನವೂ ಅದೇ: ಈಗಿರುವ ಟೈರು ಸವೆಯುವವರೆಗೆ ಇರಲಿ, ಮುಂದಿನ ಸಲ ಹಳೆಯ ಸೈಜು. ತೋಟದ ರಸ್ತೆಯ ಮಧ್ಯದ ದಿಬ್ಬವನ್ನು ಡಿಸೆಂಬರಿನಲ್ಲಿ ಎರಡು ಆಳು ಹಾಕಿ ಕಡಿಸಿದ. ಒಂದೂವರೆ ಸೆಂಟಿಮೀಟರಿಗೆ ತಿಂಗಳಿಗೆ ಸಾವಿರ ಕೊಡೋದಕ್ಕಿಂತ ಅದೇ ಅಗ್ಗ ಅಂತ ಲೆಕ್ಕ ಹಾಕಿದ್ದ.

ಬೋನಸ್ಸನ್ನು ಬುಧವಾರ ಘಾಟಿಯಿಂದ ವಾಪಸ್ ಬರುವಾಗಲೇ ಕೊಟ್ಟನಂತೆ, ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನುತ್ತಾ. ಏನು ಹೇಳಿ ಕೊಟ್ಟೆ ಅಂತ ಕೇಳಿದೆ. "ಏನ್ ಹೇಳೋದು ಮಾರಾಯ, ತಗೋ ಅಂದೆ" ಅಂದ. ಹುಡುಗನೂ ಏನೂ ಅನ್ನಲಿಲ್ಲವಂತೆ. ಜೇಬಿಗೆ ಹಾಕಿಕೊಂಡು ಇನ್ನೆರಡು ದೋಸೆಗೆ ಹೇಳಿದನಂತೆ.

ನೋಟ್‌ಬುಕ್ಕಿನಲ್ಲಿ ಈಗ ನಾಲ್ಕು ಕಾಲಂ ಇವೆ. ಮೀಟರಿನ ಕಿಲೋಮೀಟರ್, ಫೋನಿನ ಕಿಲೋಮೀಟರ್, ಡೀಸೆಲ್, ವಾಪಸ್ ಬರುವಾಗಿನ ಲೋಡ್. ಮೂರನೆಯದರವರೆಗೆ ಹುಡುಗ ಬರೆಯುತ್ತಾನೆ. ಕೊನೆಯದನ್ನು ಅಣ್ಣ ತಾನೇ ಬರೆಯುತ್ತಾನೆ.